ಮೊಲಗಳ ಪಂತಿ

ಮೊನ್ನೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ, ನಾನು ನಿವೃತ್ತನಾದ ಕೇಂದ್ರಕ್ಕೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಸಿಕ್ಕಿದಳು. ಗುರುತು ಹೇಳಿಕೊಂಡು, "ಸಾರ್, ಪ್ರಾಣಿಮನೆ ಕೆಲಸ ಅಂದ್ರೆ ಗೂಡು ತೊಳೆಯೋದು, ಮೇವು ಹಾಕೋದು, ಅಷ್ಟೇ ತಾನೆ? ಅದಕ್ಕೆ ಟ್ರೈನಿಂಗ್ ಬೇರೆ ಯಾಕೆ ಸಾರ್?" ಎಂದಳು. ನನಗೆ ಸರ್ರನೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಪಿರಿಯಾಪಟ್ಟಣದ ಬಸ್ಸು ಬಂತು, ಅವಳು ಓಡಿ ಹತ್ತಿಕೊಂಡಳು. ಮೇವು ಹಾಕೋದು ಅಷ್ಟೇ ಅಂತೆ! ಅವತ್ತು ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವಳಿಗೂ, ಅವಳ ಹಿಂದೆ ಬರುವವರಿಗೂ.

ನನ್ನ ಹೆಸರು ಪುಟ್ಟಸ್ವಾಮಿ, ಊರು ಕೆ.ಆರ್. ನಗರದ ಕಡೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ರಸ್ತೆಯಿಂದ ಒಳಕ್ಕೆ, ಆಹಾರ ಮತ್ತು ಪ್ರಾಣಿಗಳ ಮೇಲೆ ಸಂಶೋಧನೆ ಮಾಡುವ ಒಂದು ಸಣ್ಣ ಕೇಂದ್ರವಿದೆ. ಅಲ್ಲಿ ಮೊಲ, ಇಲಿ ಇಟ್ಟಿರುವ ಪ್ರಾಣಿಮನೆಯ ಉಸ್ತುವಾರಿ ನನ್ನದಾಗಿತ್ತು. ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎನ್ನುವುದೆಲ್ಲ ನನಗೇ ಬೇಡ, ನಿಮಗೆ ಯಾಕೆ? ನಿಮಗೆ ಗೊತ್ತಿರಬೇಕಾದದ್ದು ಬೇರೆ ಇದೆ.

ಕೆಲಸಕ್ಕೆ ಸೇರಿದ ದಿನ ನಮ್ಮ ಮುಖ್ಯಸ್ಥರು ನನ್ನನ್ನು ಗೂಡುಗಳ ಮುಂದೆ ನಿಲ್ಲಿಸಿಕೊಂಡರು. ಅವರನ್ನು ನಾವೆಲ್ಲ ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಗಂಟಲು ಗಡಸು, ನಗು ಕಡಿಮೆ. ಅವರು ಹೇಳಿದ್ದು ಇಷ್ಟು: "ಪುಟ್ಟಸ್ವಾಮಿ, ಇಲ್ಲಿ ಪ್ರಾಣಿ ಸಾಯುತ್ತೆ. ನಾವೇ ಸಾಯಿಸ್ತೀವಿ. ಅದನ್ನ ಮುಚ್ಚಿಟ್ಕೊಂಡು ನಾಟಕ ಆಡೋದು ಬೇಡ. ಆದ್ರೆ ಒಂದೂ ದಂಡಕ್ಕೆ ಸಾಯಬಾರದು ಕಣ್ರೀ. ಸತ್ತದ್ದರಿಂದ ಏನಾದ್ರೂ ಒಂದು ಗೊತ್ತಾಗಬೇಕು. ಗೊತ್ತಾಗ್ಲಿಲ್ಲ ಅಂದ್ರೆ ನಾವು ಕಟುಕರಿಗಿಂತ ಕಡೆ. ಅವರು ಕಡಿದದ್ದು ಯಾರದೋ ಹೊಟ್ಟೆಗಾದ್ರೂ ಆಗುತ್ತೆ."

ದಂಡ ಎಂಬ ಆ ಮಾತು ನನ್ನ ಇಡೀ ನೌಕರಿಯ ಉದ್ದಕ್ಕೂ ಬೆನ್ನಿಗೆ ಬಿತ್ತು. ಅದರ ಅರ್ಥ ಮೊದಲ ಸಲ ಕಣ್ಣಿಗೆ ಕಂಡದ್ದು ನಾನು ಸೇರಿದ ಹೊಸತರಲ್ಲೇ. ಕೊಪ್ಪದಿಂದ ಬರುತ್ತಿದ್ದ ಸಹಾಯಕನೊಬ್ಬ ಅವಸರದಲ್ಲಿ ಒಂದು ಮೊಲವನ್ನು ಕಿವಿ ಹಿಡಿದು ಎತ್ತಿದ. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಭುಜದ ಮೇಲಿನ ಸಡಿಲು ಚರ್ಮಕ್ಕೆ ಒಂದು ಕೈ, ಹಿಂದಿನ ಕಾಲಿನ ಕೆಳಗೆ ಇನ್ನೊಂದು ಕೈ. ಹಿಂಬದಿಗೆ ಆಸರೆ ಸಿಗದಿದ್ದರೆ ಅದು ಝಾಡಿಸಿ ಒದೆಯುತ್ತದೆ. ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯುತ್ತದೆ. ಅವತ್ತೂ ಹಾಗೇ ಆಯಿತು. ಮೊಲ ಬದುಕಿರುವಷ್ಟು ದಿನ ಸದ್ದು ಮಾಡುವ ಪ್ರಾಣಿಯಲ್ಲ. ಅವತ್ತು ಅದು ಕೂಗಿದ್ದನ್ನು ಕೇಳಿ ನನಗೆ ರಾತ್ರಿ ಅನ್ನ ಸೇರಲಿಲ್ಲ. ದೊಡ್ಡ ಡಾಕ್ಟರು ಬೈಯಲಿಲ್ಲ. ಸೂಜಿ ಕೊಟ್ಟು ಅದನ್ನು ಮಲಗಿಸುವ ತನಕ ಆ ಸಹಾಯಕನನ್ನು ಅದರ ಪಕ್ಕದಲ್ಲೇ ಕೂರಿಸಿದರು. ಆಮೇಲೆ, "ದಂಡ ಅಂದ್ರೆ ಇದು" ಎಂದು ಹೇಳಿ ಎದ್ದು ಹೋದರು.

ಆಗ ಕೊಲೆಸ್ಟರಾಲ್ ನೋಡುವ ರೀತಿಯೂ ಈಗಿನಂತಿರಲಿಲ್ಲ. ಮೊಲದ ಕಿವಿಯ ಅಂಚಿನ ರಕ್ತನಾಳದಿಂದ ರಕ್ತ ತೆಗೆದು, ಅದಕ್ಕೆ ಘಾಟು ಆ್ಯಸಿಡ್ ಬೆರೆಸಬೇಕು. ಕೊಳವೆ ನಿಧಾನವಾಗಿ ಹಸಿರಾಗುತ್ತಿತ್ತು; ಎಷ್ಟು ಗಾಢ ಹಸಿರೋ ಅಷ್ಟು ಹೆಚ್ಚು ಕೊಲೆಸ್ಟರಾಲ್. ಕೋಣೆಯೆಲ್ಲ ಮೂಗು ಉರಿಯುವ ವಾಸನೆ. ನನ್ನ ಎರಡು ಷರ್ಟು ಆ ಆ್ಯಸಿಡ್‌ಗೆ ತೂತಾಗಿ ಹೋದವು, ಹೆಂಡತಿಯ ಹತ್ತಿರ ಬೈಸಿಕೊಂಡಿದ್ದೂ ಆಯಿತು. ಆಮೇಲೆ ಪರೀಕ್ಷೆಗೆ ತಯಾರಾಗಿಯೇ ಬರುವ ಕಿಟ್ ಬಂತು. ಒಂದು ತೊಟ್ಟು ಬಿಟ್ಟರೆ ಸಾಕು, ಗುಲಾಬಿ ಬಣ್ಣ; ಅದು ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು. ವಾಸನೆಯಿಲ್ಲ, ಉರಿಯಿಲ್ಲ. ದೊಡ್ಡ ಡಾಕ್ಟರಿಗೆ ಮಾತ್ರ ಅದರ ಮೇಲೆ ನಂಬಿಕೆ ಬರಲು ಬಹಳ ಕಾಲ ಹಿಡಿಯಿತು. "ಇಷ್ಟು ಸುಲಭವಾಗಿ ಸಿಗೋ ಉತ್ತರ ನಂಗೆ ಅನುಮಾನ ಕಣ್ರೀ" ಎನ್ನುತ್ತಿದ್ದರು.

ಈ ಹೊತ್ತಿಗೆ ಚಿಕ್ಕತಾಯಮ್ಮ ನಮ್ಮಲ್ಲಿಗೆ ಬಂದಿದ್ದಳು. ವೀರನಹೊಸಹಳ್ಳಿಯವಳು, ಗಂಡ ತೀರಿಕೊಂಡಿದ್ದ, ಮಗ ಸೊಸೆ ಕೂಲಿಗೆ ಹೋಗುವವರು. ಗೂಡು ತೊಳೆಯುವುದು, ಮೇವು ಹಾಕುವುದು ಆಕೆಯ ಕೆಲಸ. ತಡವಾಗಿ ಬಂದರೆ, "ರೋಡಲ್ಲಿ ಆನೆ ನಿಂತಿತ್ತು ಕಣ್ ಸಾ, ಅದು ಜಾಗ ಬುಟ್ಟ ಮೇಲೆ ತಾನೆ ಬಸ್ಸು ಬರದು?" ಎನ್ನುವಳು. ಸುಳ್ಳಲ್ಲ, ಬಸ್ಸಿನ ಕಂಡಕ್ಟರೂ ಅದನ್ನೇ ಹೇಳುತ್ತಿದ್ದ. ಮೊಲಗಳಿಗೆ ಆಕೆಯ ಕೈ ಒಗ್ಗಿತ್ತು. ನಾನು ಹತ್ತಿರ ಹೋದರೆ ಮೂಲೆ ಸೇರುವ ಮೊಲ ಆಕೆಯ ಬಳೆ ಸದ್ದಿಗೆ ಬಾಗಿಲಿಗೆ ಬರುತ್ತಿತ್ತು. ಮೊಲ ಕೊಲ್ಲುವ ದಿನ ಮಾತ್ರ ಆಕೆ ರಜಾ ಹಾಕುತ್ತಿದ್ದಳು. ಯಾರೂ ಕಾರಣ ಕೇಳುತ್ತಿರಲಿಲ್ಲ, ಆಕೆಯೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಕಾವೇರಿ ಬಂದಳು. ಕೊಡಗಿನ ಹುಡುಗಿ, ಪಶುವೈದ್ಯ ಓದಿ ಸಂಶೋಧನೆಗೆ ಸೇರಿಕೊಂಡವಳು. ಆಕೆ ಹಿಡಿದ ವಿಷಯ ಇದು. ಕೊಬ್ಬು ತಿಂದರೆ ಕೊಲೆಸ್ಟರಾಲ್ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೊಬ್ಬನ್ನು ಮುಟ್ಟದೆ, ತಿನ್ನುವ ಪ್ರೋಟೀನು ಯಾವುದು ಎನ್ನುವುದನ್ನಷ್ಟೇ ಬದಲಾಯಿಸಿದರೂ ಅದು ಏರಿಳಿಯುತ್ತದೆ, ಮೊಲದಲ್ಲಂತೂ ಎದ್ದು ಕಾಣುತ್ತದೆ. ಹಾಲಿನಿಂದ ತೆಗೆದ ಪ್ರೋಟೀನು ತಿಂದ ಮೊಲದ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ, ಸೋಯಾ ಕಾಳಿನದು ತಿಂದ ಮೊಲದಲ್ಲಿ ತಗ್ಗಿರುತ್ತದೆ. ನಮ್ಮಲ್ಲಿ ಸಾಕಿದ ಮೊಲಗಳಲ್ಲೂ ಹಾಗೇ ಆಗುತ್ತದೆಯೇ, ಅದು ರಕ್ತನಾಳದ ಒಳಗೋಡೆಯವರೆಗೂ ಹೋಗಿ ಕಟ್ಟಿಕೊಳ್ಳುತ್ತದೆಯೇ ಎಂದು ಆಕೆ ನೋಡಬೇಕಿತ್ತು. ನಾಳವನ್ನು ನೋಡಬೇಕೆಂದರೆ ಕೊನೆಯಲ್ಲಿ ಮೊಲವನ್ನು ಕೊಲ್ಲಲೇಬೇಕು. (ಇದನ್ನು ಓದಿ ನಾಳೆಯಿಂದ ಮನೆಗೆ ಹಾಲು ಬೇಡ ಅನ್ನಬೇಡಿ. ಮೊಲದ ಮೈ ಬೇರೆ, ನಿಮ್ಮ ಮೈ ಬೇರೆ.)

ಮೇವು ತಯಾರಿಸುವುದೇ ಒಂದು ಸಾಹಸವಾಯಿತು. ಎರಡು ಡಬ್ಬ ಹಿಟ್ಟು. ಎರಡರಲ್ಲೂ ಪಿಷ್ಟ, ಹೊಟ್ಟು, ಎಣ್ಣೆ, ಉಪ್ಪು ಎಲ್ಲ ಒಂದೇ ಅಳತೆ. ಒಂದರಲ್ಲಿ ಹಾಲಿನ ಪ್ರೋಟೀನು, ಇನ್ನೊಂದರಲ್ಲಿ ಸೋಯಾದ್ದು, ಅಷ್ಟೇ ವ್ಯತ್ಯಾಸ. ನೋಡುವುದಕ್ಕೆ ಎರಡೂ ಒಂದೇ ಮಾಸಲು ಬಿಳಿ. ಆದರೆ ಆ ನುಣ್ಣನೆ ಪುಡಿಯನ್ನು ಮೊಲ ಮೂಸಿ ನೋಡಿ ಸೀನಿ ಹಿಂದೆ ಸರಿಯುತ್ತಿತ್ತು. ಕಾವೇರಿ ತಲೆ ಮೇಲೆ ಕೈ ಹೊತ್ತು ಕೂತಳು. ಆಗ ಚಿಕ್ಕತಾಯಮ್ಮ, "ಅಯ್ಯೋ, ಒಣಾ ಇಟ್ಟು ಯಾರ್ ತಿಂತಾರವ್ವಾ? ಮುದ್ದೆ ಮಾಡ್ಕೊಡ್ತೀನಿ ಬುಡು" ಎಂದು, ಹಿತ್ತಿಲ ಜಗಲಿಯಲ್ಲಿ ನೀರು ಹಾಕಿ ನಾದಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದಳು. ಮೊಲಗಳು ತಿಂದವು. ಅಂದಿನಿಂದ ಮುದ್ದೆ ಕಟ್ಟಿ, ತೂಗಿ, ಹಾಕುವುದು ಆಕೆಯ ಪಾಲಿಗೆ ಬಂತು.

ಗೂಡುಗಳು ಒಂದೇ ಸಾಲಿನಲ್ಲಿದ್ದವು. ಬೆಳಕು, ಗಾಳಿ ಎಲ್ಲ ಗುಂಪಿಗೂ ಒಂದೇ ರೀತಿ ಸಿಗಲೆಂದು ಹಾಲಿನ ಮೊಲ, ಸೋಯಾ ಮೊಲಗಳನ್ನು ಆ ಸಾಲಿನಲ್ಲಿ ಚೀಟಿ ಎತ್ತಿ ಬೆರೆಸಿ ಇಟ್ಟಿದ್ದೆವು. ಹಾಲಿನ ಗೂಡಿಗೆ ಕೆಂಪು ಬಿಲ್ಲೆ, ಸೋಯಾ ಗೂಡಿಗೆ ಹಸಿರು. ಮೊದಲ ವಾರ ಉಂಡೆಗಳ ತೂಕ ಹೆಚ್ಚು ಕಡಿಮೆಯಾಯಿತು. ಕಾವೇರಿ ಆಕೆಯನ್ನು ಕರೆದು, "ಚಿಕ್ಕತಾಯಮ್ಮ, ಎಲ್ಲಕ್ಕೂ ಸಮವಾಗಿ ಹಾಕಬೇಕು. ಒಂದಕ್ಕೆ ಹೆಚ್ಚು ಒಂದಕ್ಕೆ ಕಮ್ಮಿ ಆಗಬಾರದು" ಎಂದಳು. ಚಿಕ್ಕತಾಯಮ್ಮನ ಮುಖ ಅರಳಿತು. "ಆಗ್ಲಿ ಕಣವ್ವ, ನೀವ್ ಹೇಳಿದ್ದೇ ಸರಿ" ಎಂದಳು. ಆ ಅರಳಿದ ಮುಖ ನೋಡಿ ನಾವಿಬ್ಬರೂ ಖುಷಿಪಟ್ಟೆವು.

ತಿಂಗಳುಗಳು ಉರುಳಿದವು. ರಕ್ತ ತೆಗೆದಾಗಲೆಲ್ಲ ಎರಡು ಗುಂಪಿನದೂ ಒಂದೇ ತಿಳಿ ಗುಲಾಬಿ. ಹಾಲಿನ ಮೊಲ ಏರಲೇ ಇಲ್ಲ. "ಸ್ವಲ್ಪ ಕಾಯೋಣ" ಎಂದರು ದೊಡ್ಡ ಡಾಕ್ಟರು. ಕಾದೆವು. ಕೊನೆಗೆ ಗೊತ್ತು ಮಾಡಿದ ದಿನ ಬಂದು, ಚಿಕ್ಕತಾಯಮ್ಮ ರಜಾ ಹಾಕಿ, ಮೊಲಗಳನ್ನು ಒಂದೊಂದಾಗಿ ಮಲಗಿಸಿದ್ದಾಯಿತು. ಕಾವೇರಿ ನಾಳಗಳನ್ನು ಸೀಳಿ ಬಟ್ಟಲಿನಲ್ಲಿ ಹರಡಿದಳು. ಎಲ್ಲವೂ ಒಂದೇ ಥರ ನುಣ್ಣಗೆ, ಶುದ್ಧವಾಗಿ ಇದ್ದವು. ಆಕೆ ಒಂದೊಂದನ್ನೂ ಮತ್ತೆ ದೀಪದ ಕೆಳಗೆ ಹಿಡಿದು ನೋಡಿದಳು.

ದೊಡ್ಡ ಡಾಕ್ಟರಿಗೆ ಮೊದಲು ಕಿಟ್ ಮೇಲೆ ಅನುಮಾನ. ಉಳಿದ ರಕ್ತವನ್ನು ಹಳೆ ಆ್ಯಸಿಡ್ ವಿಧಾನದಲ್ಲೇ ಮತ್ತೆ ಮಾಡಿಸಿದರು. ಮೂಗು ಉರಿಸಿಕೊಂಡು ಮಾಡಿದೆ, ಉತ್ತರ ಅದೇ ಬಂತು. ಆಮೇಲೆ ಹಾಲಿನ ಪ್ರೋಟೀನು ಕಲಬೆರಕೆಯೇನೋ ಎಂದು ಡಬ್ಬವನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲೂ ತಪ್ಪಿಲ್ಲ. ಕೊನೆಗೆ ನನ್ನತ್ತ ತಿರುಗಿ, "ಹಿಟ್ಟು ಸರಿ, ರಕ್ತ ಸರಿ. ನಡುವೆ ಉಳಿದದ್ದು ಮುದ್ದೆ. ಹೋಗಿ ಕೇಳ್ರೀ" ಎಂದರು.

ಚಿಕ್ಕತಾಯಮ್ಮ ಖಾಲಿ ಗೂಡುಗಳನ್ನು ಉಜ್ಜುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಚಿಕ್ಕತಾಯಮ್ಮ, ಮುದ್ದೆ ಹೆಂಗೆ ಕಟ್ತಿದ್ದೆ, ಒಂದ್ಸಲ ಹೇಳವ್ವ."

"ಇನ್ನೆಂಗೆ ಸಾ? ಎರಡೂ ಡಬ್ಬದ ಇಟ್ಟು ಬೋಸಿಗಾಕಿ, ನೀರ್ ಚುಮುಕ್ಸಿ ಚೆನ್ನಾಗ್ ನಾದಿ, ಉಂಡೆ ಕಟ್ಟಿ ತೂಕಕ್ಕಾಕಿ..."

"ಎರಡೂ ಡಬ್ಬದ್ದು ಒಂದೇ ಬೋಸಿಗಾ?"

"ಊಂ ಮತ್ತೆ! ಮೇಡಮ್ಮೋರೇ ಹೇಳಿದ್ರಲ್ಲ, ಎಲ್ಲಕ್ಕೂ ಸಮವಾಗಿ ಆಕ್ಬೇಕು ಅಂತ. ಮೊದ್ಲು ಕೆಂಪು ಬಿಲ್ಲೆಗೊಂದು ಅಸಿರು ಬಿಲ್ಲೆಗೊಂದು ಆಕುವಾಗ ಮನಸೇ ಒಪ್ತಿರ್ಲಿಲ್ಲ ಕಣ್ ಸಾ. ಅವ್ರು ಅಂಗಂದ ಮೇಲೆ ಜೀವಕ್ಕೆ ಸಮಾಧಾನ ಆಯ್ತು. ಒಂದೇ ಪಂತೀಲಿ ಕೂರ್ಸಿ, ಒಬ್ಬರ ಎಲೆಗೆ ಆಲಿಂದು ಪಕ್ಕದೋರ ಎಲೆಗೆ ಕಾಳಿಂದು ಬಡಿಸೋಕಾಯ್ತದಾ? ಬಡಿಸಿದ್ ಕೈ ಸೇದೋಗಲ್ವಾ?"

ನಮ್ಮ ಸೀಮೆಯಲ್ಲಿ ಊಟದ ಸಾಲಿಗೆ ಪಂತಿ ಅನ್ನುತ್ತೇವೆ. ಪಂತಿಯಲ್ಲಿ ಭೇದ ಮಾಡುವುದು ದೊಡ್ಡ ತಪ್ಪು ಎನ್ನುವುದು ನನಗೂ ಗೊತ್ತು, ನಮ್ಮ ಮನೆಯಲ್ಲೂ ಹಾಗೇ ಬೆಳೆಸಿದ್ದರು. ಆದರೆ ಗೂಡಿನ ಸಾಲನ್ನು ಪಂತಿಯೆಂದು ಎಣಿಸುವುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೇಳದೆ ಬಿಡುವಂತೆಯೂ ಇರಲಿಲ್ಲ.

"ಬೇರೆ ಬೇರೆ ಹಾಕಿದ್ರೆ ತಾನೆ ಅವ್ವ, ಯಾವುದು ಏನು ಮಾಡುತ್ತೆ ಅಂತ ಗೊತ್ತಾಗೋದು? ಬೆರೆಸಿಬಿಟ್ರೆ ಸೋಯಾದ್ದು ಹಾಲಿಂದನ್ನ ಏರೋಕೆ ಬಿಡಲ್ಲ, ಏನೂ ಗೊತ್ತಾಗಲ್ಲ. ಮತ್ತೆ ಹೊಸ ಮೊಲ ತಂದು ಮೊದಲಿಂದ ಮಾಡ್ಬೇಕು."

"ಅವನ್ನೂ ಸಾಯಿಸ್ತೀರಾ?"

"ಹೂಂ."

"ಅಂಗಾದ್ರೆ ಇವು?"

ನಾನು ಸುಳ್ಳು ಹೇಳಬಹುದಿತ್ತು. "ಇವು ದಂಡಕ್ಕೆ ಹೋದವು ಕಣವ್ವ" ಎಂದೆ. ಆಕೆ ಕೈಯಲ್ಲಿದ್ದ ಬ್ರಷ್ಷನ್ನು ಬಕೀಟಿಗೆ ಬಿಟ್ಟು, ಒದ್ದೆ ನೆಲದ ಮೇಲೇ ಕೂತುಬಿಟ್ಟಳು. ಅಳಲಿಲ್ಲ. ಆಮೇಲೆ ಎದ್ದು, ಸೆರಗು ಕೊಡವಿ, ಬಸ್ಸಿಗೆ ಹೊರಟುಹೋದಳು.

ಆಫೀಸಿನಲ್ಲಿ ಕಾವೇರಿ ಸಿಟ್ಟಿನಿಂದ ಕುದಿಯುತ್ತಿದ್ದಳು. "ಅವರನ್ನ ಕೆಲಸದಿಂದ ತೆಗೀರಿ ಸಾರ್. ನನ್ನ ಇಷ್ಟು ದಿನದ ಕೆಲಸ ಮಣ್ಣುಪಾಲಾಯ್ತು" ಎಂದಳು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಮವಾಗಿ ಹಾಕಿ ಅಂದದ್ದು ಯಾರಮ್ಮ?" ಎಂದು ಕೇಳಿದರು. "ನಾನು ತೂಕದ ವಿಷಯ ಹೇಳಿದ್ದು ಸಾರ್" ಎಂದವಳೇ ಕಾವೇರಿ ಅತ್ತುಬಿಟ್ಟಳು. "ನಿನ್ನ ಕೆಲಸ ಇನ್ನೊಂದ್ಸಲ ಮಾಡಬಹುದು. ಆ ಮೊಲಗಳಿಗೆ ಇನ್ನೊಂದ್ಸಲ ಇಲ್ಲ. ಅಳೋದಾದ್ರೆ ಅದಕ್ಕೆ ಅಳು" ಎಂದರು ಅವರು. ಮಾತು ಕಠಿಣವಾಯಿತು ಎಂದು ನನಗನಿಸಿತು. ಆದರೆ ಅವರ ಕಣ್ಣೂ ಒದ್ದೆಯಾಗಿತ್ತು.

ಚಿಕ್ಕತಾಯಮ್ಮ ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ನಾನು ವೀರನಹೊಸಹಳ್ಳಿಗೆ ಹೋದೆ. ಮನೆ ಮುಂದೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಕೂತಿದ್ದಳು. ಸೊಸೆ ಚಾಪೆ ಹಾಕಿ ಟೀ ತಂದಿಟ್ಟಳು. ಚಿಕ್ಕತಾಯಮ್ಮ ತಲೆ ಎತ್ತದೆ ಮಾತಾಡಿದಳು.

"ನಾನ್ ಸಣ್ಣೋಳಾಗಿದ್ದಾಗ ಸಾ, ಕೋಟೆ ತಾಲ್ಲೂಕ್ ಕಡೆ ಒಂದು ದೊಡ್ಡೋರ ಮನೆ ಮದ್ವೆ. ನಮ್ಮವ್ವ ಅಲ್ಲಿ ಪಾತ್ರೆ ತೊಳಿಯಾಕ್ ಓಗಿದ್ಲು. ಕೊನೇಗೆ ನಮ್ನೂ ಪಂತೀಲಿ ಕೂರ್ಸಿದ್ರು. ಪಾಯ್ಸದ ಬಕೀಟು ಬತ್ತಾ ಅದೆ, ಬತ್ತಾ ಅದೆ ಅಂತ ಕಾಯ್ತಾ ಕೂತಿದ್ದೆ. ನಮ್ ಎಲೆ ಹತ್ರ ಬಂದಾಗ ಸೌಟು ಎತ್ಕಂಡು ಅಂಗೇ ಮುಂದುಕ್ ಓದ್ರು. ಪಕ್ಕದ ಎಲೆಗೆ ಬಡಿಸಿದ್ರು. ನಮ್ಮವ್ವ ತಲೆ ಬಗ್ಗಿಸ್ಕಂಡು ಬರೀ ಸಾರನ್ನ ಉಂಡ್ಲು. ಅವತ್ತೇ ಅನ್ಕಂಡೆ, ನನ್ ಕೈಲಿ ಸೌಟು ಬಂದ್ರೆ ಯಾರ ಎಲೇನೂ ದಾಟ್ಸಲ್ಲ ಅಂತ." ಮೊರದ ಹುರುಳಿಯನ್ನು ಒಮ್ಮೆ ಕೇರಿದಳು. "ಯಾರ ಎಲೇನೂ ದಾಟ್ಸಲಿಲ್ಲ ಸಾ. ಆದ್ರೆ ಅಷ್ಟೂ ಜೀವ ದಂಡ ಮಾಡ್ಬುಟ್ಟೆ."

"ನೀನು ಬೇಕಂತ ಮಾಡಲಿಲ್ಲ ಬಿಡವ್ವ."

"ಬೇಕಂತ ಮಾಡ್ಲಿಲ್ಲ ಅಂದ್ರೆ ಅವು ಎದ್ ಬತ್ತವಾ?" ಎಂದಳು. ನಾನು ಟೀ ಕುಡಿದು ಲೋಟ ಕೆಳಗಿಟ್ಟೆ. ಆಕೆಯೇ ಮತ್ತೆ ಕೇಳಿದಳು, "ಒಸಾ ಮೊಲ ಬಂದ್ವಾ?"

"ಬರ್ತಿವೆ."

"ನಾನೇ ಬತ್ತೀನಿ. ಇನ್ಯಾರ್ ಕೈಗೂ ಕೊಡ್ಬೇಡಿ. ಈ ಸಲದವು ದಂಡ ಆಗ್ಬಾರ್ದು. ಆದ್ರೆ ಒಂದು ಮಾತು ಸಾ. ಒಬ್ಬರ ಮುಂದೆ ಒಬ್ಬರಿಗೆ ಬ್ಯಾರೆ ಬಡಿಸೋಕೆ ನನ್ ಕೈ ಬರಲ್ಲ. ನಡುವೆ ಮರೆ ಕಟ್ಸಿ. ಮರೆ ಇದ್ರೆ ಅದು ಬ್ಯಾರೆ ಪಂತಿ."

ನಾನು ಬಂದು ಹೇಳಿದಾಗ ಕಾವೇರಿ ಯೋಚನೆ ಮಾಡಿ, "ಕೆಲವಕ್ಕೆ ಮಾತ್ರ ಕಟ್ಟಿದರೆ ಬೆಳಕು ವ್ಯತ್ಯಾಸ ಆಗುತ್ತೆ" ಎಂದಳು. "ಎಲ್ಲ ಗೂಡಿಗೂ ಕಟ್ಟಿದರೆ ಎಲ್ಲಕ್ಕೂ ಸಮ ತಾನೆ?" ಎಂದರು ದೊಡ್ಡ ಡಾಕ್ಟರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದವರಂತೆ, "ಈ ಸಮ ಅನ್ನೋ ಮಾತನ್ನ ಇನ್ಮೇಲೆ ಪ್ರಾಣಿಮನೆ ಒಳಗೆ ಯಾರೂ ಆಡಬೇಡಿ ಕಣ್ರೀ. ತೂಕ ಒಂದೇ, ಹಿಟ್ಟು ಬೇರೆ, ಹೀಗೆ ಬಿಡಿಸಿ ಹೇಳಿ" ಎಂದರು. ಅಷ್ಟು ದಿನಗಳ ಮೇಲೆ ಕಾವೇರಿ ನಕ್ಕದ್ದು ಆಗಲೇ. ಗೋಣಿಚೀಲ ಒಗೆದು, ಬಿಚ್ಚಿ, ಎಲ್ಲ ಗೂಡುಗಳ ನಡುವೆ ಕಟ್ಟಿದೆವು.

ಎರಡನೇ ಸಲ ಎಲ್ಲ ನೆಟ್ಟಗೆ ನಡೆಯಿತು. ಚಿಕ್ಕತಾಯಮ್ಮ ಎರಡು ಬೋಸಿ ಇಟ್ಟುಕೊಂಡಳು. ಹಾಲಿನದನ್ನು ನಾದಿದ ಮೇಲೆ ಕೈ ತೊಳೆದೇ ಸೋಯಾದ್ದಕ್ಕೆ ಕೈ ಹಾಕುವಳು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ದಿನ ಕಳೆದಂತೆ ಹಾಲಿನ ಮೊಲಗಳ ಕೊಳವೆಯ ಗುಲಾಬಿ ಗಾಢವಾಗುತ್ತಾ ಹೋಯಿತು. ಸೋಯಾದವು ತಿಳಿಯಾಗಿಯೇ ಉಳಿದವು. ಕಾವೇರಿ ಸಂತೋಷದಿಂದ ಆ ಕೊಳವೆಗಳನ್ನು ಕಿಟಕಿಗೆ ಹಿಡಿದು ತೋರಿಸುತ್ತಿದ್ದಾಗ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದಳು.

"ಈ ರಂಗಿಂದು ಕೆಂಪು ಬಿಲ್ಲೇವಾ ಸಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

"ಹೂಂ ಕಣವ್ವ."

"ಅದು ಒಳ್ಳೇದಲ್ಲ, ಅಲ್ವಾ?"

"ಅವುಕ್ಕೆ ಒಳ್ಳೇದಲ್ಲ."

"ನಾನಾಕಿದ್ದೇ ಕಣ್ ಸಾ ಅದು. ನನ್ ಬಳೆ ಸದ್ದಿಗೆ ಓಡ್ ಬತ್ತವೆ" ಎಂದಳು. ಬೋಸಿಗಳನ್ನು ಎತ್ತಿಕೊಂಡು ಮುದ್ದೆ ಕಟ್ಟಲು ಹೋದಳು. ಆ ದಿನದ ನಂತರ ಕೆಂಪು ಬಿಲ್ಲೆಯ ಗೂಡುಗಳ ಮುಂದೆ ಆಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ನಾನು ನೋಡಿದೆ. ಈಗ ನಿಮಗೆ ಪ್ರಾಣಿಗಳ ವಿಷಯದಲ್ಲಿ ನೈತಿಕ ಸಮಿತಿ ಇದೆ, ಎಲ್ಲದಕ್ಕೂ ಒಪ್ಪಿಗೆ ಬೇಕು, ಒಳ್ಳೆಯದೇ ಆಯಿತು. ಆದರೆ ಮೇವು ಹಾಕುವ ಕೈಗೆ ಆಗುವ ನೋವನ್ನು ಯಾವ ಸಮಿತಿಯೂ ಬಂದು ಹೊರುವುದಿಲ್ಲ. ಅದು ನಿಮ್ಮ ಪಾಲಿಗೇ ಬರುತ್ತದೆ, ಸೇರುವ ಮೊದಲೇ ತಿಳಿದಿರಲಿ.

ಕೊನೆಯ ದಿನದ ಹಿಂದಿನ ಸಂಜೆ, ನಾಳೆ ರಕ್ತ ತೆಗೆಯುವ ತನಕ ಮೊಲಗಳಿಗೆ ನೀರು ಬಿಟ್ಟು ಏನೂ ಹಾಕಬಾರದು ಎಂದು ಚಿಕ್ಕತಾಯಮ್ಮನಿಗೆ ಹೇಳಿದೆ. ಹೊಟ್ಟೆಯಲ್ಲಿ ಮೇವಿದ್ದರೆ ಲೆಕ್ಕ ತಪ್ಪುತ್ತದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಸಾಯೋವು ಸಾ. ಅಸ್ಕಂಡ್ ಸಾಯ್ಬೇಕಾ?"

ಅಷ್ಟು ವರ್ಷ ಎಷ್ಟೋ ಮೊಲಗಳನ್ನು ಹಾಗೇ ಹಸಿದ ಹೊಟ್ಟೆಯಲ್ಲೇ ಕಳಿಸಿದ್ದೆವು, ಅದನ್ನು ಕೇಳಿದವರೇ ಇರಲಿಲ್ಲ. ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. "ರಕ್ತ ಬೆಳಿಗ್ಗೆನೇ ತೆಗೆದುಬಿಡ್ತೀವಲ್ಲ ಸಾರ್. ಆಮೇಲೆ ಬೇಕಾಗಿರೋದು ನಾಳ ಒಂದೇ. ಒಂದು ಹೊತ್ತಿನ ಮೇವಿಗೆ ನಾಳ ಏನಾಗುತ್ತೆ?" ಅವರು ಅಲ್ಲೇ ಇದ್ದ ಕಾವೇರಿಯ ಕಡೆ ನೋಡಿದರು. ಕಾವೇರಿ, "ಏನೂ ಆಗಲ್ಲ ಸಾರ್" ಎಂದಳು. ಅವರು ತಲೆಯಾಡಿಸಿದರು.

ಮರುದಿನ ನಾನು ಪ್ರಾಣಿಮನೆಗೆ ಬರುವ ಹೊತ್ತಿಗೆ ಚಿಕ್ಕತಾಯಮ್ಮ ಬಂದಾಗಿತ್ತು. ಮೊಲ ಕೊಲ್ಲುವ ದಿನ ಆಕೆ ಬಂದದ್ದು ಅದೇ ಮೊದಲು. ಪಕ್ಕದಲ್ಲಿ ಒಂದು ಹೊರೆ ಎಳೆ ಹುರುಳಿ ಸೊಪ್ಪು, ಊರಿಂದ ಬಸ್ಸಿನಲ್ಲಿ ಹೊತ್ತು ತಂದದ್ದು. ಕೊನೆಯ ಮೊಲದ ರಕ್ತ ತೆಗೆದ ಕೂಡಲೇ ಆಕೆ ಎದ್ದು, ಗೂಡುಗಳ ನಡುವಿನ ಗೋಣಿ ಮರೆಗಳನ್ನು ಒಂದೊಂದಾಗಿ ಬಿಚ್ಚಿದಳು. ಕೆಂಪು ಬಿಲ್ಲೆ, ಹಸಿರು ಬಿಲ್ಲೆ ಎಲ್ಲವನ್ನೂ ತೆಗೆದು ಜೋಡಿಸಿಟ್ಟಳು. ಮೊಲಗಳ ಕಿವಿಯಲ್ಲಿ ಗುರುತು ಇದ್ದುದರಿಂದ ಕಾವೇರಿ ಬೇಡ ಎನ್ನಲಿಲ್ಲ. ಇಡೀ ಸಾಲು ಆ ತುದಿಯಿಂದ ಈ ತುದಿಯವರೆಗೆ ಒಂದಕ್ಕೊಂದು ಕಾಣುವಂತಾಯಿತು. ಆಮೇಲೆ ಸೊಪ್ಪು ಬಡಿಸಿಕೊಂಡು ಬಂದಳು. ಯಾವ ಗೂಡನ್ನೂ ದಾಟಿಸಲಿಲ್ಲ. ಮೊಲಗಳು ತಿನ್ನುವ ಕರಕರ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ದೊಡ್ಡ ಡಾಕ್ಟರು ಬಾಗಿಲ ಹೊರಗೇ ನಿಂತಿದ್ದರು.

ತಿಂದಾದ ಮೇಲೆ ನಾನು ಆಕೆಯ ಹತ್ತಿರ ಹೋಗಿ, "ಸಾಕು ಅವ್ವ, ಇನ್ನು ಮನೆಗೆ ಹೋಗು. ಇದನ್ನ ನೀನು ನೋಡಬೇಡ" ಎಂದೆ.

"ಅದೆಂಗ್ ಓಗದು ಸಾ? ಬಡಿಸಿದೋಳು ಪಂತಿ ಏಳೋಗಂಟ ಇರ್ಬೇಕು" ಎಂದಳು.

ಇದ್ದಳು. ಮೊಲಗಳನ್ನು ಒಂದೊಂದಾಗಿ ಆಕೆಯೇ ಎತ್ತಿ ತಂದಳು, ಭುಜಕ್ಕೆ ಒಂದು ಕೈ, ಕಾಲಿನ ಕೆಳಗೆ ಒಂದು ಕೈ. ಕಾವೇರಿ ಸೂಜಿ ಕೊಡುವಾಗ ಅದರ ತಲೆಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಒಂದು ಮೊಲವೂ ಒದೆಯಲಿಲ್ಲ, ಒಂದೂ ಕೂಗಲಿಲ್ಲ. ಒಳಕೋಣೆಯಲ್ಲಿ ಸೀಳಿ ನೋಡಿದಾಗ ಹಾಲಿನ ಮೊಲಗಳ ನಾಳದಲ್ಲಿ ಹಳದಿ ಗೆರೆಗಳು ಕಟ್ಟಿದ್ದವು, ಸೋಯಾದವು ನುಣ್ಣಗಿದ್ದವು. ಕಾವೇರಿಗೆ ಬೇಕಾದ ಉತ್ತರ ಸಿಕ್ಕಿತ್ತು. ನಾನು ಹೊರಗೆ ಬಂದು, "ಗೊತ್ತಾಯ್ತು ಕಣವ್ವ. ಇವು ದಂಡ ಆಗಲಿಲ್ಲ" ಎಂದು ಹೇಳಿದೆ.

ಚಿಕ್ಕತಾಯಮ್ಮ ಗೂಡುಗಳ ಮುಂದೆ ಬಿದ್ದಿದ್ದ ಸೊಪ್ಪಿನ ಕಡ್ಡಿಗಳನ್ನೆಲ್ಲ ಆರಿಸಿ ಮೊರಕ್ಕೆ ಹಾಕಿಕೊಂಡಳು. ಊಟದ ಎಂಜಲು ಬಳಿಯುವ ಹಾಗೆ ಆ ತುದಿಯಿಂದ ಈ ತುದಿಯವರೆಗೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಟ್ಟೆ ಹಿಂಡಿ, ಕೈ ತೊಳೆದು, ಬಾಗಿಲಲ್ಲಿ ನಿಂತಿದ್ದ ನಮ್ಮ ಮೂವರ ಕಡೆ ತಿರುಗಿದಳು.

"ಪಂತಿ ಎದ್ದಾಯ್ತು ಸಾ. ಇನ್ ನಾನ್ ಬತ್ತೀನಿ" ಎಂದಳು.